ಹಡಗು ಹತ್ತೋಕೆ ಮೊದಲು ಏಜೆಂಟರ ಆಫೀಸಿನಲ್ಲೇ ಕೇಳಿ

ಸಂಪಾದಕರಿಗೆ ನಮಸ್ಕಾರ.

ದೀಪಾವಳಿ ರಜೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಹಡಗು ಪ್ರವಾಸದ ಜಾಹೀರಾತು ಶುರುವಾಗುತ್ತವೆ. ಬಿಳಿ ಹಡಗು, ನೀಲಿ ನೀರು, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ರೇಟು. ಉಳಿದದ್ದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯವರು ಈಗ ಹಡಗಿಗೆ ಜಾಸ್ತಿ ಹೋಗುತ್ತಿದ್ದಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾದೀತು, ಕತ್ತರಿ ಹಾಕುವುದು ನಿಮಗೆ ಬಿಟ್ಟಿದ್ದು.

ನಾನು ಬಾಗಲಕೋಟೆಯವನು. ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ ಇದೆ. ನಮ್ಮ ಲೈನಿನಲ್ಲಿ ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಕಂಪನಿಯವರು ಟೂರಿಗೆ ಕಳಿಸುವುದು ಹಳೇ ಪದ್ಧತಿ. ಮೊದಲು ಬ್ಯಾಂಕಾಕ್, ದುಬೈ ಇತ್ತು. ಆಮೇಲೆ ಹಡಗು ಬಂತು. ನನಗೆ ಹಡಗಿನ ರುಚಿ ಹತ್ತಿದ್ದು ಹಾಗೆ. ಈಗ ಸ್ವಂತ ಖರ್ಚಿನಲ್ಲೇ ಮನೆಯವರ ಜೊತೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೂ, ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆಗೂ ಹೋಗುತ್ತಲೇ ಇರುತ್ತೇನೆ. ನೀರಿನ ಹೆದರಿಕೆ ಇಲ್ಲವೇ ಅಂತ ಕೆಲವರು ಕೇಳುತ್ತಾರೆ. ಹಳೇ ಬಾಗಲಕೋಟೆಯವರಿಗೆ ಅದೇನು ಹೊಸದು? ಆಲಮಟ್ಟಿ ಹಿನ್ನೀರು ನಮ್ಮ ಓಣಿಗೇ ಬಂದು ನಮ್ಮನ್ನು ನವನಗರಕ್ಕೆ ಎಬ್ಬಿಸಿ ಕಳಿಸಿದೆ.

ಅಂಗಡಿಗೆ ಬಂದವರು ಯೂರಿಯಾ ರೇಟು ಕೇಳಿದ ಮೇಲೆ ಮೆಲ್ಲಗೆ ಕೇಳುವುದು ಇದನ್ನೇ. "ಅಣ್ಣಾರ, ಹಡಗಿಗೆ ಎಷ್ಟ ಖರ್ಚ ಬರತೈತ್ರಿ?" ಜಾಹೀರಾತಿನ ರೇಟು ಬಿಡಿ ಅಂತ ನಾನು ಹೇಳುತ್ತೇನೆ. ಆ ರೇಟು ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ. ಒಬ್ಬರೇ ಹೋದರೆ ಹೆಚ್ಚು ಕಡಿಮೆ ಇಬ್ಬರ ದುಡ್ಡು ಬೀಳುತ್ತದೆ. ಅದರ ಮೇಲೆ ಬಂದರು ಶುಲ್ಕ, ತೆರಿಗೆ. ವಿದೇಶದ ಪ್ಯಾಕೇಜ್ ಆದರೆ ಟಿಸಿಎಸ್ ಅಂತ ಇನ್ನೊಂದು ಇದೆ, ಏಜೆಂಟರೇ ನಿಮ್ಮಿಂದ ಹಿಡಿದು ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಇದು ಹೋದ ದುಡ್ಡಲ್ಲ, ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಏಜೆಂಟರು ನಿಮ್ಮ ಪ್ಯಾನ್ ನಂಬರ್ ಸರಿಯಾಗಿ ಹಾಕಿರಬೇಕು. ನೋಡಿಕೊಳ್ಳಿ.

ನಮ್ಮವರು ಹಡಗಿನ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವುದು ಟಿಪ್ಸ್ ವಿಷಯಕ್ಕೆ. ಹೋಟೆಲಿನಲ್ಲಿ ಮನಸ್ಸಿಗೆ ಬಂದಷ್ಟು ತಟ್ಟೆಯಲ್ಲಿಟ್ಟು ಬಂದ ಹಾಗಲ್ಲ ಇದು. ದೊಡ್ಡ ವಿದೇಶಿ ಹಡಗುಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. 18 ಡಾಲರ್ ಅಂತ ಹಿಡಿದರೂ ಗಂಡ ಹೆಂಡತಿಗೆ ನಾಲ್ಕು ರಾತ್ರಿಗೆ 144 ಡಾಲರ್ ಆಯಿತು. ಕೋಣೆ ಗುಡಿಸುವ ಹುಡುಗನಿಗೆ, ಊಟ ಬಡಿಸುವವನಿಗೆ ಹೋಗುವ ದುಡ್ಡದು. ಅವರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಕೊಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಮೊದಲೇ ಗೊತ್ತಿದ್ದರೆ ಕೊನೆಯ ದಿನ ಮುಖ ಕೆಡಿಸಿಕೊಳ್ಳುವುದು ತಪ್ಪುತ್ತದೆ, ಅಲ್ವಾ?

ಹಡಗಿನ ಒಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡು ಕೊಡುತ್ತಾರೆ. ಕೋಣೆಯ ಕೀಲಿಯೂ ಅದೇ, ಪಾಕೀಟೂ ಅದೇ. ಮಕ್ಕಳಿಗೂ ಒಂದೊಂದು ಕಾರ್ಡು ಬರುತ್ತದೆ. ಗೇಮಿನ ಮಷಿನ್ ಕಂಡರೆ ಮಕ್ಕಳು ಬಿಡುತ್ತಾರಾ? ಮೊದಲ ದಿನವೇ ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿನಲ್ಲಿ ಖರೀದಿ ಬಂದ್ ಮಾಡಿಸಿ. ಈ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ. ಅವರು ಒಂದಿಷ್ಟು ದುಡ್ಡು ತಡೆಹಿಡಿದು ಇಡುತ್ತಾರೆ, ಅದು ಬಿಡುಗಡೆಯಾಗಲು ಎಷ್ಟೋ ದಿನ ಬೇಕು. ಮತ್ತೆ, ಬಿಲ್ಲನ್ನು ಕೊನೆಯ ರಾತ್ರಿ ನೋಡುವುದಲ್ಲ, ದಿನಾ ಸಂಜೆ ನೋಡಿ. ಟಿವಿಯಲ್ಲೇ ಬರುತ್ತದೆ. ಕೊನೆಯ ರಾತ್ರಿ ಕೌಂಟರ್ ಮುಂದೆ ನಮ್ಮ ಎಪಿಎಂಸಿ ಮಾರುಕಟ್ಟೆಯಷ್ಟು ಗದ್ದಲ ಇರುತ್ತದೆ.

ಕ್ಯಾಬಿನ್ ಬಗ್ಗೆ ಏಜೆಂಟರು ಬಾಲ್ಕನಿ, ಬಾಲ್ಕನಿ ಅಂತ ಹೇಳುತ್ತಾರೆ. ಮುಂಬೈ-ಗೋವಾದಂಥ ಎರಡು ಮೂರು ರಾತ್ರಿಯ ಪ್ರವಾಸಕ್ಕೆ ಬಾಲ್ಕನಿ ಸುಮ್ನೆ ದಂಡ ಅನ್ನುವುದು ನನ್ನ ಅಭಿಪ್ರಾಯ. ನೀವು ಕೋಣೆಯಲ್ಲಿ ಇರುವುದೇ ಕಡಿಮೆ. 2021ರಲ್ಲಿ ಮುಂಬೈಯಿಂದ ಓಡಲು ಶುರುವಾದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಕೋಣೆ ಸಣ್ಣವೇ. ಕಿಟಕಿ ಇಲ್ಲದ ಒಳಗಿನ ಕೋಣೆ ತಗೊಂಡರೂ ನಡೆಯುತ್ತದೆ. ಒಂದೇ ತೊಂದರೆ, ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಒಂದು ಸಣ್ಣ ರಾತ್ರಿ ದೀಪ ಒಯ್ಯಿರಿ.

ಬಾಲ್ಕನಿಗಿಂತ ಕೋಣೆ ಎಲ್ಲಿದೆ ಅನ್ನುವುದು ಮುಖ್ಯ. ಹೊಟ್ಟೆ ತೊಳೆಸುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೋಣೆ ಕೇಳಿ. ತುದಿಯಲ್ಲಿ ಮತ್ತು ಮೇಲಿನ ಅಂತಸ್ತಿನಲ್ಲಿ ಓಲಾಟ ಜಾಸ್ತಿ. ಇನ್ನೊಂದು ಉಪಾಯ ಇದೆ. ಹಡಗಿನ ನಕ್ಷೆ ತೆಗೆಸಿ ನೋಡಿ. ನಿಮ್ಮ ಕೋಣೆಯ ಮೇಲೂ ಕೆಳಗೂ ಬರೀ ಕೋಣೆಗಳೇ ಇರಬೇಕು. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೊ ಇದ್ದರೆ ನಡುರಾತ್ರಿಯವರೆಗೆ ಧಡಧಡ. ವಯಸ್ಸಾದವರು ಇದ್ದರೆ ಲಿಫ್ಟ್ ಹತ್ತಿರ ಕೇಳಿ, ಆ ಉದ್ದನೆಯ ಓಣಿಯಲ್ಲಿ ನಡೆದು ನಡೆದು ಮೊಣಕಾಲು ಹಿಡಿಯುತ್ತದೆ. ಬಚ್ಚಲು ಬಹಳ ಇಕ್ಕಟ್ಟು. ಒಂದು ಪ್ಲಾಸ್ಟಿಕ್ ಮಗ್ ಚೀಲದಲ್ಲಿಡಿ. ನಗಬೇಡಿ, ಆಮೇಲೆ ನೆನೆಸುತ್ತೀರಿ.

ವಾಂತಿಗೆ ಅವೋಮಿನ್‌ನಂಥ ಗುಳಿಗೆ ನಮ್ಮಲ್ಲೇ ಸಿಗುತ್ತದೆ. ನಿಮ್ಮ ಡಾಕ್ಟರನ್ನು ಕೇಳಿಯೇ ತಗೊಳ್ಳಿ, ಅದು ನಿದ್ದೆ ಬರಿಸುತ್ತದೆ. ಹೊಟ್ಟೆ ಕೆಟ್ಟ ಮೇಲೆ ತಗೊಂಡರೆ ಅಷ್ಟಾಗಿ ಉಪಯೋಗವಿಲ್ಲ, ಮೊದಲೇ ತಗೊಳ್ಳಬೇಕು. ಖಾಲಿ ಹೊಟ್ಟೆ ಒಳ್ಳೆಯದಲ್ಲ. ತಲೆ ತಿರುಗಿದರೆ ಕೋಣೆಯಲ್ಲಿ ಮಲಗದೆ ಹೊರಗೆ ಬಂದು ದೂರದಲ್ಲಿ ಆಕಾಶ-ನೀರು ಕೂಡುವ ಗೆರೆ ನೋಡುತ್ತ ನಿಲ್ಲಿ. ಬಿಪಿ, ಸಕ್ಕರೆ ಗುಳಿಗೆಗಳು ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಯನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅದು ಕೋಣೆಗೆ ಬರುವಾಗ ಕೆಲವೊಮ್ಮೆ ಸಂಜೆಯಾಗಿರುತ್ತದೆ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ವಿದೇಶಿ ಹಡಗಾದರೆ ಫೀ ಮಾತ್ರ ಡಾಲರಿನಲ್ಲಿ. ನಮ್ಮ ಮಾಮೂಲಿ ಮೆಡಿಕ್ಲೇಮ್ ಅಲ್ಲಿ ಸಾಲದು. ಪ್ರವಾಸದ ವಿಮೆ ಮಾಡಿಸುವಾಗ ಹಡಗಿನ ಪ್ರಯಾಣವೂ ಅದರಲ್ಲಿ ಸೇರಿದೆಯೇ ಅಂತ ಬಾಯಿಬಿಟ್ಟು ಕೇಳಿ.

ಊಟದ ಚಿಂತೆ ಮಾಡಬೇಡಿ. ಸಿಂಗಪುರದಿಂದ ಹೊರಡುವ ಜೆಂಟಿಂಗ್ ಡ್ರೀಮ್‌ನಂಥ ಹಡಗಿನಲ್ಲಿ ನಮ್ಮ ದೇಶದವರು ಎಷ್ಟು ಜನ ಇರುತ್ತಾರೆಂದರೆ ಸಸ್ಯಾಹಾರಿ ಊಟ ಬೇರೆಯೇ ಸಿಗುತ್ತದೆ. ಬೇರೆ ಹಡಗಾದರೆ ಬುಕಿಂಗ್ ಮಾಡುವಾಗಲೇ ಬರೆಸಿ, ಹತ್ತಿದ ಮೇಲೆ ಊಟದ ಹಾಲ್‌ನ ಮುಖ್ಯಸ್ಥನಿಗೆ ಮತ್ತೊಮ್ಮೆ ಹೇಳಿ. ಅವನಿಗೆ ಹಿಂದಿನ ದಿನ ಹೇಳಿದರೆ ಮರುದಿನ ಬೇಳೆ, ಪಲ್ಯ ಮಾಡಿಸಿಕೊಡುತ್ತಾನೆ. ಮನೆಯಲ್ಲಿ ಮಾಡಿದ ರೊಟ್ಟಿ, ಪಲ್ಯ, ಉಪ್ಪಿನಕಾಯಿ ಒಳಗೆ ಬಿಡುವುದಿಲ್ಲ. ಸೀಲ್ ಮಾಡಿದ ಒಣ ತಿಂಡಿಗೆ ಸಾಮಾನ್ಯವಾಗಿ ತಕರಾರಿಲ್ಲ. ಅಮೀನಗಡದ ಕರದಂಟಿನ ಪಾಕೀಟು, ಸೀಲ್ ಇರುವ ಶೇಂಗಾ ಚಟ್ನಿಪುಡಿ ನಾವು ಒಯ್ಯುತ್ತೇವೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಮಾತ್ರ ಬೇಡ. ಬೆಂಕಿಯ ಭಯಕ್ಕೆ ಅವನ್ನು ಮೊದಲ ತಪಾಸಣೆಯಲ್ಲೇ ತೆಗೆದಿಡುತ್ತಾರೆ.

ಗುಟ್ಕಾ, ತಂಬಾಕು ತಿನ್ನುವವರಿಗೆ ಒಂದು ಮಾತು ಜೋರಾಗಿಯೇ ಹೇಳಬೇಕು. ಸಿಂಗಪುರದಲ್ಲಿ ಅಗಿಯುವ ತಂಬಾಕು ನಿಷೇಧ. ನಾಲ್ಕು ಚೀಟಿ ತಾನೇ ಅಂತ ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಇ-ಸಿಗರೇಟೂ ಅಲ್ಲಿ ಅಪರಾಧವೇ.

ಊಟದ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬಾಗಿಲಲ್ಲಿ ಹಚ್ಚುವ ಸ್ಯಾನಿಟೈಸರ್ ಸಾಲದು. ಹಡಗಿನಲ್ಲಿ ಬೇಗ ಹಬ್ಬುವ ನೋರೋ ವೈರಸ್ಸಿಗೆ, ಅದೇ ವಾಂತಿ-ಭೇದಿ ತರುವಂಥದ್ದು, ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಈಗ ಸಮಯದ ಮಾತು. ಇದನ್ನು ಯಾವ ಏಜೆಂಟರೂ ಹೇಳಿದ್ದು ನಾನು ಕೇಳಿಲ್ಲ. ಸಿಂಗಪುರದ ಗಡಿಯಾರ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಹಡಗು ಫುಕೆಟ್‌ಗೆ ಹೋದರೂ ಎಷ್ಟೋ ಸಲ ಸಿಂಗಪುರದ ಸಮಯವನ್ನೇ ಇಟ್ಟುಕೊಂಡಿರುತ್ತದೆ. ನಿಮ್ಮ ಮೊಬೈಲ್ ಮಾತ್ರ ದಂಡೆಗೆ ಇಳಿದ ಕೂಡಲೇ ತಾನೇ ಥಾಯ್ ಸಮಯಕ್ಕೆ ತಿರುಗುತ್ತದೆ. ನೀವು ಮೊಬೈಲ್ ನೋಡಿ ಇನ್ನೂ ಒಂದು ಗಂಟೆ ಇದೆ ಅಂತ ಎಳನೀರು ಕುಡಿಯುತ್ತಾ ಕೂತರೆ ಅಲ್ಲಿ ಹಡಗಿನ ಬಾಗಿಲು ಮುಚ್ಚಿರುತ್ತದೆ. ಫುಕೆಟ್‌ನ ಪಟಾಂಗ್ ದಂಡೆಯಲ್ಲಿ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ಜನರನ್ನು ಬಿಡುವುದುಂಟು. ಆಗ ನಿಮಗೆ ಲೆಕ್ಕ ಹಡಗು ಹೊರಡುವ ಸಮಯ ಅಲ್ಲ, ಕೊನೆಯ ದೋಣಿಯ ಸಮಯ. ಒಮ್ಮೆ ಸಾಂಗ್ಲಿ ಕಡೆಯ ದಂಪತಿ ಆ ಕೊನೆಯ ದೋಣಿಗೆ ಮರಳಿನಲ್ಲಿ ಓಡಿ ಬಂದದ್ದನ್ನು ನಾವೆಲ್ಲ ನೋಡಿದೆವು. ಯಜಮಾನರ ಕೈಯಲ್ಲಿ ಚಪ್ಪಲಿ, ಅಕ್ಕನವರ ಕೈಯಲ್ಲಿ ಅರ್ಧ ತಿಂದ ಮಾವಿನಹಣ್ಣು. ಹಡಗಿನವರೇ ಏರ್ಪಾಡು ಮಾಡಿದ ಸುತ್ತಾಟಕ್ಕೆ ಹೋಗಿ ತಡವಾದರೆ ಅವರು ಕಾಯುತ್ತಾರೆ, ಇಲ್ಲವೆಂದರೆ ಮುಂದಿನ ವ್ಯವಸ್ಥೆ ಮಾಡುತ್ತಾರೆ. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತಡವಾದರೆ ಮುಂದಿನ ಊರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು.

ಅದಕ್ಕೆ ಕೈಗೆ ಒಂದು ಸಾದಾ ವಾಚು ಕಟ್ಟಿ, ಅದು ಹಡಗಿನ ಸಮಯದಲ್ಲೇ ಇರಲಿ. ದಿನಾ ಕೋಣೆಗೆ ಬರುವ ಕಾರ್ಯಕ್ರಮದ ಹಾಳೆಯಲ್ಲಿ ಆ ಬಂದರಿನಲ್ಲಿರುವ ಹಡಗು ಕಂಪನಿಯ ಏಜೆಂಟರ ಫೋನ್ ನಂಬರ್ ಸಾಮಾನ್ಯವಾಗಿ ಇರುತ್ತದೆ. ಅದರ ಫೋಟೊ ತೆಗೆದುಕೊಂಡು ಇಳಿಯಿರಿ. ಪಾಸ್‌ಪೋರ್ಟಿನ ನಕಲೂ ಜೊತೆಗಿರಲಿ, ಕೆಲವು ಹಡಗುಗಳಲ್ಲಿ ಮೂಲ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಳ್ಳುತ್ತಾರೆ.

ಮೊಬೈಲ್ ಅಂದ ಕೂಡಲೇ ನೆನಪಾಯಿತು. ಹಡಗು ಬಂದರು ಬಿಡುವ ಮೊದಲೇ ಏರ್‌ಪ್ಲೇನ್ ಮೋಡ್ ಹಾಕಿ. ನಡುಸಮುದ್ರದಲ್ಲಿ ಸಿಗ್ನಲ್ ಕಾಣಿಸಿದರೆ ಖುಷಿಪಡಬೇಡಿ. ಅದು ಹಡಗಿನದೇ ನೆಟ್‌ವರ್ಕ್, ಉಪಗ್ರಹದ ಮೂಲಕ ಹೋಗುವಂಥದ್ದು. ಮಾಮೂಲಿ ರೋಮಿಂಗ್ ಪ್ಯಾಕ್ ಹಾಕಿಸಿದ್ದೇನೆ ಅಂತ ನಂಬಿ ಕೂತರೆ ಬಿಲ್ಲು ಬಂದಾಗ ಎದೆ ಝಲ್ಲೆನ್ನುತ್ತದೆ.

ವೀಸಾ ಇನ್ನೊಂದು. ಸಿಂಗಪುರದಿಂದ ಹೊರಟು ಬೇರೆ ದೇಶ ನೋಡಿ ಮತ್ತೆ ಸಿಂಗಪುರಕ್ಕೇ ಬಂದು ಇಳಿಯುವುದೆಂದರೆ ಎರಡನೇ ಸಲ ಒಳಗೆ ಹೋದ ಹಾಗೆ. ಮಲ್ಟಿಪಲ್ ಎಂಟ್ರಿ ಇದೆಯೇ ನೋಡಿಕೊಳ್ಳಿ. ಹಡಗು ಹೊರಡುವ ದಿನವೇ ಊರಿಂದ ಹೊರಟು ಮುಟ್ಟುತ್ತೇನೆ ಅನ್ನುವ ಧೈರ್ಯವೂ ಬೇಡ. ಮುಂಬೈ ಆದರೂ ಅಷ್ಟೇ. ಸೊಲ್ಲಾಪುರದಿಂದ ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಮುಂಬೈ ಮುಟ್ಟಬಹುದು, ಆದರೆ ಒಂದು ದಿನ ಮೊದಲಿನ ಗಾಡಿ ಹಿಡಿಯಿರಿ. ಗೋವಾದಲ್ಲಿ ಹತ್ತುವವರು ಚೋರ್ಲಾ ಘಾಟಿನ ಟ್ರಾಫಿಕ್ ಲೆಕ್ಕದಲ್ಲಿಟ್ಟು ಬೆಳಗಾವಿ ಬಿಡಿ. ಹಡಗು ಹೊರಡುವುದಕ್ಕೆ ಒಂದು ಗಂಟೆಗೂ ಮೊದಲೇ ಚೆಕ್-ಇನ್ ಮುಗಿದಿರುತ್ತದೆ.

ಲಕ್ಷದ್ವೀಪದ ಪ್ಯಾಕೇಜ್ ತಗೊಳ್ಳುವವರಿಗೆ ಒಂದು ಎಚ್ಚರಿಕೆ. ದೊಡ್ಡ ಹಡಗು ಆ ದ್ವೀಪಗಳ ದಂಡೆಗೆ ಹೋಗಿ ನಿಲ್ಲುವುದಿಲ್ಲ. ದೂರದಲ್ಲಿ ನಿಂತು ಸಣ್ಣ ದೋಣಿಗೆ ಇಳಿಸುತ್ತಾರೆ. ಗಾಳಿ ಜೋರಾದರೆ ಇಳಿಸುವುದೇ ಇಲ್ಲ. ದ್ವೀಪ ಕಣ್ಣೆದುರು ಕಾಣುತ್ತಿರುತ್ತದೆ, ನೀವು ಕಟಕಟೆ ಹಿಡಿದು ನೋಡಿ ವಾಪಸ್ ಬರಬೇಕು. ಹೀಗೆ ಒಂದು ಬಂದರು ತಪ್ಪಿದರೆ ಪೂರ್ತಿ ದುಡ್ಡು ಮರಳಿ ಬರುವುದಿಲ್ಲ ಅಂತ ಕರಾರಿನಲ್ಲೇ ಬರೆದಿರುತ್ತಾರೆ. ಕ್ಯಾಪ್ಟನ್ ಮಾಡಿದ್ದು ಸರಿಯೇ, ಜೀವ ದೊಡ್ಡದು. ಆದರೆ ಏಜೆಂಟರು ಇದನ್ನು ಮೊದಲೇ ಹೇಳಬೇಕಲ್ಲ?

ಜೀವದ ಮಾತು ಬಂದದ್ದಕ್ಕೆ ಡ್ರಿಲ್ ಬಗ್ಗೆಯೂ ಹೇಳುತ್ತೇನೆ. ಹಡಗು ಹತ್ತಿದ ದಿನ ಅಪಾಯ ಬಂದರೆ ಎಲ್ಲಿ ಕೂಡಬೇಕು, ಲೈಫ್ ಜಾಕೆಟ್ ಹೇಗೆ ಕಟ್ಟಬೇಕು ಅಂತ ತೋರಿಸುತ್ತಾರೆ. ಏಳು ಸಣ್ಣ ಸೀಟಿ, ಒಂದು ಉದ್ದನೆಯ ಸೀಟಿ ಕೇಳಿದರೆ ಅಪಾಯ ಅಂತ ಅರ್ಥ. ನಮ್ಮವರು ಆ ಹೊತ್ತಿಗೆ ಬಫೆಯ ಸಾಲಿನಲ್ಲಿ ಇರುತ್ತಾರೆ, ಇಲ್ಲವೇ ಸೆಲ್ಫಿ ತೆಗೆಯುತ್ತಿರುತ್ತಾರೆ. 2012ರ ಜನವರಿ 13ರಂದು ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹೊಸದಾಗಿ ಹತ್ತಿದವರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಆಗ 24 ಗಂಟೆಯೊಳಗೆ ಮಾಡಿದರೆ ನಡೆಯುತ್ತಿತ್ತು. ಆಮೇಲೆ ಅಂತರರಾಷ್ಟ್ರೀಯ ನಿಯಮವೇ ಬದಲಾಯಿತು. ಈಗ ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ಮಾಡಲೇಬೇಕು. ನೀವು ಕೂಡಬೇಕಾದ ಜಾಗಕ್ಕೆ ಒಮ್ಮೆ ಲಿಫ್ಟ್ ಬಿಟ್ಟು ಮೆಟ್ಟಿಲಿನಿಂದಲೇ ನಡೆದು ನೋಡಿ ಬನ್ನಿ.

ಇಳಿಯುವ ಹಿಂದಿನ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಬೆಳಿಗ್ಗೆ ಅವು ಬಂದರಿನಲ್ಲಿ ಸಿಗುತ್ತವೆ. ಮುಧೋಳದ ನಮ್ಮ ಒಬ್ಬ ಡೀಲರ್ ಮಾಮಾ ಬಹಳ ಅಚ್ಚುಕಟ್ಟಿನ ಮನುಷ್ಯ. ರಾತ್ರಿಯೇ ಎಲ್ಲಾ ಬಟ್ಟೆ ಮಡಚಿ ತುಂಬಿ ಹೊರಗಿಟ್ಟು ಮಲಗಿದರು. ಬೆಳಿಗ್ಗೆ ಮೈಮೇಲೆ ಉಳಿದದ್ದು ಬನಿಯನ್ನು, ಪಟ್ಟಾಪಟ್ಟಿ ಚಡ್ಡಿ. ಯಾರದೋ ಪ್ಯಾಂಟು, ಯಾರದೋ ಅಂಗಿ ಹಾಕಿಕೊಂಡು ಸಿಂಗಪುರದ ಇಮಿಗ್ರೇಶನ್ ಸಾಲಿನಲ್ಲಿ ನಿಂತರು. ಆಫೀಸರ್ ಪಾಸ್‌ಪೋರ್ಟ್ ಫೋಟೊ ನೋಡುತ್ತಾನೆ, ಇವರ ಸೊಂಟ ನೋಡುತ್ತಾನೆ. ಒಂದು ಜೊತೆ ಬಟ್ಟೆ ತೆಗೆದಿಡಿ.

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಟೂರ್ ಏಜೆಂಟರಲ್ಲಿ ಕೇಳುವುದು ಇಷ್ಟೇ. ಇಷ್ಟೆಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಗೆ ಬರೆದು ಕೊಡಿ. ಒಟ್ಟು ಖರ್ಚು, ಟಿಪ್ಸ್, ವೀಸಾ, ಬಂದರು ತಪ್ಪಿದರೆ ಏನು, ರದ್ದು ಮಾಡಿದರೆ ಎಷ್ಟು ಕಡಿತ, ಹಡಗಿನ ಸಮಯ ಯಾವ ಊರಿನದು. ಗೊಬ್ಬರದ ಚೀಲದ ಮೇಲೇ ಎಷ್ಟು ಕೆಜಿ, ಎಷ್ಟು ದರ ಅಂತ ನಾವು ಅಚ್ಚು ಹಾಕಿ ಮಾರುತ್ತೇವೆ. ಲಕ್ಷದ ವ್ಯವಹಾರ ಮಾಡುವ ನೀವು ಒಂದು ಹಾಳೆ ಕೊಡುವುದು ಕಷ್ಟವೇನಲ್ಲ. ಅದನ್ನು ಮುಂಗಡ ಹಿಡಿಯುವ ದಿನವೇ ಕೊಡಿ, ಟಿಕೆಟ್ ಕೊಡುವ ದಿನ ಅಲ್ಲ.

ಇತಿ,
ಬೀಜ-ಗೊಬ್ಬರದ ಅಂಗಡಿಯ ಒಬ್ಬ ಓದುಗ
ನವನಗರ, ಬಾಗಲಕೋಟೆ