ನಂದಿಬಟ್ಟಲು ಗಿಡದ ಹುಳದ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

"ಸ್ಕೂಲಲ್ಲಿ ಹಾವಿನ ಕಣ್ಣಿನ ಹುಳ ಇದೆ" ಅಂತ ಮಕ್ಕಳು ಮನೆಯಲ್ಲಿ ಹೇಳುತ್ತಿದ್ದಾರಂತೆ. ಈ ವಾರ ಮೂವರು ತಾಯಂದಿರು ಫೋನ್ ಮಾಡಿ ವಿಚಾರಿಸಿದರು. ಔಷಧಿ ಹೊಡೆಸಿ, ಬೇಕಾದರೆ ಪಂಪು ನಾವೇ ಕಳಿಸುತ್ತೇವೆ ಎಂದರು ಒಬ್ಬರು. ಔಷಧಿ ಹೊಡೆಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅದು ಕಣಗಿಲೆ ಪತಂಗದ ಮರಿ. ಕಣಗಿಲೆ, ನಂದಿಬಟ್ಟಲು ಇರುವ ನಿಮ್ಮ ಅಂಗಳದಲ್ಲೂ ಇರಬಹುದು, ಕಣ್ಣಿಗೆ ಬಿದ್ದಿರುವುದಿಲ್ಲ ಅಷ್ಟೆ. ಮೈ ಎಲೆಯದೇ ಹಸಿರು, ಪಕ್ಕದಲ್ಲಿ ಎಲೆಯ ನರದಂಥ ಬಿಳಿ ಗೆರೆ. ಗಿಡದ ಮುಂದೆ ನಿಂತು ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಎರಡನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ಮೊದಲು ಕೆಳಗೆ ಹಿಕ್ಕೆ ನೋಡಿ, ಆಮೇಲೆ ಮೇಲೆ ನೋಡಿ" ಎಂದಳು. ನೆಲದಲ್ಲಿ ಮೆಣಸಿನ ಕಾಳಿನಂಥ ಕಪ್ಪು ಹಿಕ್ಕೆ. ತಲೆ ಎತ್ತಿದರೆ ಮೂಗಿನ ನೇರಕ್ಕೇ ಬೆರಳುದ್ದದ ಹುಳ!

ಮುಟ್ಟಲು ಹೋದರೆ ತಲೆ ಒಳಗೆಳೆದುಕೊಂಡು ಕತ್ತು ಉಬ್ಬಿಸುತ್ತದೆ. ಆಗ ಎರಡು ನೀಲಿ ಕಣ್ಣು ದಿಟ್ಟಿಸಿದಂತೆ ಕಾಣುತ್ತದೆ. ಅವು ಕಣ್ಣಲ್ಲ, ಬರೀ ಮಚ್ಚೆ. ಹಕ್ಕಿಗಳನ್ನು ಹೆದರಿಸುವ ನಾಟಕ. ಬಾಲದ ಕೊಂಬು ಕೂಡ ಚುಚ್ಚುವುದಿಲ್ಲ.

ಬೆಳೆದ ಮೇಲೆ ಗಿಡ ಇಳಿದು ತರಗೆಲೆಯೊಳಗೆ ಕೋಶವಾಗಬೇಕು. ಹಸಿರು ಮೈ ಹೊತ್ತು ಮಣ್ಣಿನ ಮೇಲೆ ನಡೆದರೆ ಕಾಗೆಗೆ ಊಟ, ಅಲ್ವಾ? ಅದಕ್ಕೇ ಇಳಿಯುವ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡು ಮೂರು ವಾರದಲ್ಲಿ ಪತಂಗ ಹೊರಬರುತ್ತದೆ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 10 ಸೆಂಟಿಮೀಟರ್. ಹಸಿರು, ಬಿಳಿ, ನಸುಗೆಂಪು ಪಟ್ಟೆ ಸೇರಿ ಥೇಟ್ ಸೈನಿಕರ ಬಟ್ಟೆ. ಹಗಲೆಲ್ಲ ಎಲೆಗಳ ನಡುವೆ ಸುಮ್ನೆ ಕೂತಿದ್ದು, ಕತ್ತಲಾಗುವ ಹೊತ್ತಿಗೆ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತದೆ.

ನನಗೆ ಹುಳಕ್ಕಿಂತ ಗಿಡದ ಚಿಂತೆ ಜಾಸ್ತಿ. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಯಾವುದನ್ನೂ ಬಾಯಿಗೆ ಹಾಕಬಾರದು, ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು ಅಂತ ಮನೆಯಲ್ಲೂ ಹೇಳಿ. ಮೈತುಂಬ ಕೂದಲಿರುವ ಕಂಬಳಿಹುಳ ಬೇರೆ. ಅದನ್ನು ಮುಟ್ಟಿದರೆ ತುರಿಕೆ ಆಗಬಹುದು.

ನಂದಿಬಟ್ಟಲಿನ ಎರಡು ಕೊಂಬೆ ಬೋಳಾಗಿವೆ. ಮತ್ತೆ ಚಿಗುರುತ್ತವೆ. ಮಕ್ಕಳು ಒಂದು ಹುಳವನ್ನು ಮಣ್ಣು, ತರಗೆಲೆ ಹಾಕಿದ ರಟ್ಟಿನ ಡಬ್ಬದಲ್ಲಿ ಇಟ್ಟಿದ್ದಾರೆ. ನಿನ್ನೆ ಅದು ಕೋಶವಾಗಿದೆ. ಪತಂಗ ಬಂದ ದಿನ ವಾಟ್ಸಾಪ್ ಗ್ರೂಪಿನಲ್ಲಿ ತಿಳಿಸುತ್ತೇನೆ. ಸಂಜೆ ಹಾರಿಬಿಡುವಾಗ ನೀವೂ ಬನ್ನಿ. ಪಂಪು ಮಾತ್ರ ತರಬೇಡಿ.

ಇಂತಿ,
ಮುಖ್ಯ ಶಿಕ್ಷಕಿ