ಒದ್ದೆ ಕೂದಲಿಗೂ ಸೂಕ್ತವೆಂದು ಮಾರಲಾದ ಹೇರ್ ಸ್ಟ್ರೈಟ್ನರ್‌ನಿಂದ ಕೂದಲು ಸುಟ್ಟಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಕಂಪನಿಯ ಹೇರ್ ಸ್ಟ್ರೈಟ್ನರ್ ಒಂದನ್ನು ಕಳೆದ ತಿಂಗಳು ದಾವಣಗೆರೆಯ ಅಂಗಡಿಯೊಂದರಲ್ಲಿ 1,850 ರೂಪಾಯಿ ಕೊಟ್ಟು ಕೊಂಡಿದ್ದೆ. ಪೆಟ್ಟಿಗೆಯ ಮೇಲೆ ‘ಒದ್ದೆ ಕೂದಲಿಗೂ ಸೂಕ್ತ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದುದೇ ಅದನ್ನು ಆರಿಸಿಕೊಳ್ಳಲು ಕಾರಣ; ತಲೆಗೆ ಸ್ನಾನ ಮಾಡಿ ಎಂಟೂವರೆಯ ಬಸ್ಸು ಹಿಡಿಯಬೇಕಾದವರಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸುತ್ತದೆಂಬುದು ನಿಮಗೂ ಗೊತ್ತಿದ್ದೇ ಇರಬೇಕು.

ತಂಗಿಯ ನಿಶ್ಚಿತಾರ್ಥದ ಬೆಳಿಗ್ಗೆ, ಟವೆಲ್ಲಿನಿಂದ ಒರೆಸಿಕೊಂಡ ಕೂದಲಿಗೆ ಅದನ್ನು ಮೊದಲ ಸಲ ಬಳಸಿದೆ. ಅದರ ಕಾದ ಎರಡು ಪಟ್ಟಿಗಳ ನಡುವೆ ಕೂದಲು ಸಿಕ್ಕ ಕೂಡಲೇ ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ ಚುರ್ರೆಂದು ಸದ್ದಾಗಿ ಹಬೆಯೆದ್ದಿತು. ಪೆಟ್ಟಿಗೆಯ ಮಾತನ್ನು ನಂಬಿ ಮುಂದುವರಿಸಿದವಳು ಸೀದ ವಾಸನೆ ಬಂದ ಮೇಲಷ್ಟೇ ನಿಲ್ಲಿಸಿದೆ. ಮೂರು ದಿನಗಳ ಬಳಿಕ ಬಲಗಿವಿಯ ಪಕ್ಕದ ಕೂದಲು ಗೇಣುದ್ದದ ತುಂಡುಗಳಾಗಿ ಬಾಚಣಿಗೆಗೆ ಬರತೊಡಗಿತು. ಒಂದು ಎಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಉದ್ದಕ್ಕೂ ರವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು; ಬಗ್ಗಿಸಿದರೆ ಸರಿಯಾಗಿ ಆ ಚುಕ್ಕೆಯಿದ್ದಲ್ಲೇ ಎಳೆ ತುಂಡಾಗುತ್ತಿತ್ತು.

ಒದ್ದೆ ಎಳೆಯೊಳಗಿನ ನೀರು ಏಕಾಏಕಿ ಕುದಿದು ಆವಿಯಾಗುವಾಗ ಒಳಗೆ ಗುಳ್ಳೆಗಳಾಗುತ್ತವೆಂದೂ, ಒಣಗಿದ್ದಾಗ ಕೂದಲಿನ ಕೆರಾಟಿನ್ ಎಂಬ ಪ್ರೋಟೀನು ತಾಳಿಕೊಳ್ಳುವಷ್ಟು ಶಾಖವನ್ನು ಒದ್ದೆಯಾಗಿದ್ದಾಗ ತಾಳದೆಂದೂ ಚರ್ಮರೋಗ ತಜ್ಞರು ತಿಳಿಸಿದರು. ನನ್ನಂಥ ತೆಳು ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಸಾಕಂತೆ. ಆದರೆ ನಿಮ್ಮ ಸಾಧನದಲ್ಲಿರುವುದು ಒಂದು ಕೆಂಪು ದೀಪ ಮಾತ್ರ. ಶಾಖ ಎಷ್ಟಿದೆಯೆಂದು ನೋಡುವ, ಕಡಿಮೆ ಮಾಡುವ ಯಾವ ವ್ಯವಸ್ಥೆಯೂ ಅದರಲ್ಲಿಲ್ಲ. ಹಬೆ ಹೊರಹೋಗಲು ಪಟ್ಟಿಯಲ್ಲಿ ಕಿಂಡಿಗಳೂ ಇಲ್ಲ. ನಮ್ಮ ಮನೆಯ ಹಳೆಯ ಇಸ್ತ್ರಿಪೆಟ್ಟಿಗೆಗೂ ರೇಷ್ಮೆ, ಹತ್ತಿ ಎಂದು ತಿರುಗಿಸುವ ಗುಂಡಿಯಿದೆ.

ಇದನ್ನು ಫೋನಿನಲ್ಲಿ ತಿಳಿಸಿದಾಗ ನಿಮ್ಮ ಪ್ರತಿನಿಧಿ, ಶಾಖದಿಂದ ರಕ್ಷಿಸುವ ಸ್ಪ್ರೇ ಹಾಕಿಕೊಳ್ಳದಿದ್ದುದು ನನ್ನದೇ ತಪ್ಪು ಎಂದರು. ಪೆಟ್ಟಿಗೆಯಲ್ಲಿದ್ದ ಚೀಟಿಯಲ್ಲಿ ಸ್ಪ್ರೇಯ ಹೆಸರೇ ಇಲ್ಲ. ಅಲ್ಲದೆ, ಅಂಥ ಸ್ಪ್ರೇಗಳಲ್ಲಿನ ಸಿಲಿಕೋನ್ ಎಳೆಯ ಮೇಲೆ ತೆಳುಪದರವಾಗಿ ಕುಳಿತು ಶಾಖ ಒಳಗಿಳಿಯುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ಆ ಸ್ಪ್ರೇ ಕೂಡ ಪೂರ್ತಿ ಒಣಗಿದ ಮೇಲೆಯೇ ಪಟ್ಟಿ ತಾಗಿಸಬೇಕು. ಹಾಗಿರುವಾಗ ಒದ್ದೆ ಕೂದಲಿಗೆಂದು ಮಾರಿದ ಸಾಧನಕ್ಕೆ ಸ್ಪ್ರೇಯ ನೆಪ ಹೇಗೆ ಹೊಂದುತ್ತದೆಂದು ನನಗೆ ತಿಳಿಯದು.

ಸರಿಯಾದ ಬಳಕೆಯ ಸೂಚನೆಯನ್ನಾಗಲಿ, ತಪ್ಪು ಬಳಕೆಯ ಎಚ್ಚರಿಕೆಯನ್ನಾಗಲಿ ಸಾಕಷ್ಟು ನೀಡದಿದ್ದರೆ, ಅದರಿಂದಾಗುವ ಹಾನಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರೇ ಹೊಣೆ. ಆದ್ದರಿಂದ ಸಾಧನದ ಬೆಲೆಯನ್ನೂ ವೈದ್ಯರಿಗೆ ತೆತ್ತ 600 ರೂಪಾಯಿಯನ್ನೂ ಹಿಂದಿರುಗಿಸಬೇಕು. ಪೆಟ್ಟಿಗೆಯ ಮೇಲಿನ ಆ ಸಾಲನ್ನು ತೆಗೆದು, ಕೂದಲು ಪೂರ್ತಿ ಒಣಗಿದ ಬಳಿಕವೇ ಬಳಸಬೇಕೆಂಬ ಎಚ್ಚರಿಕೆಯನ್ನೂ ಪಟ್ಟಿಗಳ ಶಾಖದ ಪ್ರಮಾಣವನ್ನೂ ಕನ್ನಡದಲ್ಲಿಯೂ ಮುದ್ರಿಸಬೇಕು. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿ, ಬಳಿಕ ಜಿಲ್ಲಾ ಗ್ರಾಹಕರ ಆಯೋಗದ ಮೊರೆಹೋಗುತ್ತೇನೆ.

ರಸೀದಿಯ ಪ್ರತಿ, ಪೆಟ್ಟಿಗೆಯ ಚಿತ್ರ ಹಾಗೂ ತುಂಡಾದ ಕೆಲವು ಎಳೆಗಳನ್ನು ಕಾಗದದಲ್ಲಿ ಮಡಚಿ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನೊಂದ ಗ್ರಾಹಕಿ
ದಾವಣಗೆರೆ