ಹೆಗ್ಗಡೆಯ ಮಗಳನ್ನೇ ಓದು

ಮಂಡ್ಯ

ಪ್ರೀತಿಯ ಪುಟ್ಟಿ,

ಕವಿತೆ ಓದುವ ಸ್ಪರ್ಧೆಗೆ ಕಡಲ ಬಿರುಗಾಳಿಯ ಕಥನ ಕವನ ಬೇಕು ಅಂದೆಯಲ್ಲ. ವಿ.ಸಿ. ನಾಲೆ ತುಂಬಿ ಹರಿದರೆ ಅದೇ ದೊಡ್ಡ ನೀರು ಅನ್ನುವ ನನ್ನನ್ನು ಕೇಳಿದ್ದೀಯ! ಇರಲಿ, 'ಕಾರಿ ಹೆಗ್ಗಡೆಯ ಮಗಳು' ತಗೋ. ಬಿ.ಎಂ.ಶ್ರೀ ಅವರದು. ಅವರ ಹೆಸರಿನ ಬೆಳ್ಳೂರು ನಮ್ಮ ನಾಗಮಂಗಲ ತಾಲ್ಲೂಕಿನದೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಮೂಲ ಸ್ಕಾಟ್ಲೆಂಡಿನ ಥಾಮಸ್ ಕ್ಯಾಂಪ್‌ಬೆಲ್‌ನ ಪದ್ಯ, 1809ರಲ್ಲಿ ಅಚ್ಚಾದದ್ದು. ಆದರೆ ಗೌಡ, ಹೆಗ್ಗಡೆ ಅಂತ ಕೇಳುವಾಗ ಸ್ಕಾಟ್ಲೆಂಡ್ ಯಾರಿಗೆ ನೆನಪಾಗುತ್ತದೆ ಹೇಳು.

ಹುಡುಗಿ ಮೆಚ್ಚಿದವನ ಜೊತೆ ಓಡಿ ಬಂದಿದ್ದಾಳೆ. ಹಿಂದೆ ಅಪ್ಪನ ಕುದುರೆಯವರು, ಮುಂದೆ ರೇಗಿದ ನೀರು. ಅಂಬಿಗ ಒಪ್ಪುವುದು ದುಡ್ಡಿಗಲ್ಲ, ಅವಳ ಮುಖ ನೋಡಿ. ಬಿರುಗಾಳಿಯನ್ನಾದರೂ ತಡೆದೇನು, ಸಿಟ್ಟಾದ ಅಪ್ಪನನ್ನಲ್ಲ ಅನ್ನುತ್ತಾಳೆ ಅವಳು. ನನಗಂತೂ ಇಡೀ ಪದ್ಯ ಇರುವುದೇ ಅಲ್ಲಿ. ಅಪ್ಪ ದಡಕ್ಕೆ ಬರುವ ಹೊತ್ತಿಗೆ ದೋಣಿ ಅಲೆಗಳ ನಡುವೆ. ಮಗಳ ಒಂದು ಕೈ ದಡದ ಕಡೆ ಚಾಚಿದೆ, ಇನ್ನೊಂದು ಅವನನ್ನು ಬಳಸಿದೆ. ಆಗ ಅಪ್ಪನ ಸಿಟ್ಟು ಇಳಿಯುತ್ತದೆ. ಕ್ಷಮಿಸಿದೆ, ವಾಪಸ್ ಬಾ ಅಂತ ಕೂಗುತ್ತಾನೆ. ಬರಲು ಅಲೆ ಬಿಡಬೇಕಲ್ಲ.

ಅಮೆರಿಕದ ಲಾಂಗ್‌ಫೆಲೋನ 'ದಿ ರೆಕ್ ಆಫ್ ದಿ ಹೆಸ್ಪರಸ್' ಕೂಡ ಅಪ್ಪ ಮಗಳ ಕಥೆಯೇ. 1839ರ ಡಿಸೆಂಬರಿನಲ್ಲಿ ಗ್ಲಾಸ್ಟರ್ ಹತ್ತಿರ ಹಡಗುಗಳು ಒಡೆದ ಸುದ್ದಿ ಕೇಳಿ ಬರೆದದ್ದು. ನಿನ್ನೆ ಚಂದ್ರನ ಸುತ್ತ ಹೊಂಬಣ್ಣದ ಬಳೆ ಇತ್ತು, ಬಿರುಗಾಳಿ ಬರುತ್ತದೆ, ಬಂದರು ಸೇರೋಣ ಅನ್ನುತ್ತಾನೆ ಒಬ್ಬ ಹಳೇ ನಾವಿಕ. ಹಡಗಿನ ಯಜಮಾನ ನಕ್ಕುಬಿಡುತ್ತಾನೆ. ಗಾಳಿ ಎದ್ದಾಗ ಮಗಳಿಗೆ ತನ್ನ ಕೋಟು ಹೊದಿಸಿ ಕಂಬಕ್ಕೆ ಕಟ್ಟುತ್ತಾನೆ. ಅವನೂ ಉಳಿಯುವುದಿಲ್ಲ, ಅವಳೂ ಉಳಿಯುವುದಿಲ್ಲ. ಇದರಲ್ಲಿ ಬಿರುಗಾಳಿಯ ಆರ್ಭಟ ಜಾಸ್ತಿ. ಆದರೂ ನನಗೆ ಅಷ್ಟು ಹಿಡಿಸಲಿಲ್ಲ. ಆ ಹುಡುಗಿ ಅದೇನು ಸದ್ದಪ್ಪಾ, ಇದೇನು ಬೆಳಕಪ್ಪಾ ಅಂತ ಕೇಳುತ್ತಾಳೆ, ದೇವರನ್ನು ಬೇಡುತ್ತಾಳೆ, ಅಷ್ಟೇ. ಹೆಗ್ಗಡೆಯ ಮಗಳು ದೋಣಿಗೆ ತಾನೇ ಕಾಲಿಟ್ಟವಳು.

ಓದುವಾಗ ಗಾಳಿ, ಗುಡುಗು ಅಂತ ಸುಮ್ನೆ ಕೈ ಬೀಸಬೇಡ. ಸ್ಪರ್ಧೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಹುಡುಗಿಯ ಮಾತಿಗೆ ಅಳುದನಿ ಬೇಡ, ಅವಳು ಅಳುತ್ತಿಲ್ಲ. ಅಪ್ಪ ಕರೆಯುವ ಕಡೆ ಮಾತ್ರ ನಿಧಾನವಾಗಿ ಹೋಗು. ಶನಿವಾರ ಬರುತ್ತೀಯಲ್ವಾ, ನಿಮ್ಮಪ್ಪನ ಮುಂದೆ ಒಂದು ಸಲ ಓದು. ಕಥೆ ಏನು ಅಂತ ಮೊದಲೇ ಅವರಿಗೆ ಹೇಳಬೇಡ.

ನಿನ್ನ
ಅಮ್ಮ